ನೇರಳೆ ಹಣ್ಣಿನ ಬೀರು ಮತ್ತು ಮೂರು ದಿನದ ಗೋಧಿ

ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ. ರಬಕವಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ್ದೇನೆ, ಎಣಿಕೆಯ ವಿಷಯದಲ್ಲಿ ನನಗೆ ಅಷ್ಟು ಅಧಿಕಾರ ಇದೆ ಎಂದುಕೊಂಡಿದ್ದೆ. ಆದರೆ ಸ್ವಂತ ಅನುಭವ ಬೇರೆ. ಒಮ್ಮೆ ನಮ್ಮವರ ಮೇಲೆ ಸಿಟ್ಟು ಬಂದು, ಕಟ್ಟೆಯ ಮೇಲೆ ಕೂತು ಎಣಿಸತೊಡಗಿದವಳು ನಾನೂರ ಹನ್ನೆರಡರವರೆಗೆ ಹೋಗಿದ್ದೆ. ಅಷ್ಟರಲ್ಲಿ ಅವರೇ ಬಂದು, "ಚಾ ಆತೇನ?" ಎಂದು ಕೇಳಿದರು. ಲೆಕ್ಕ ತಪ್ಪಿತು. ಮೊದಲಿನ ಸಿಟ್ಟಿನ ಮೇಲೆ ಲೆಕ್ಕ ತಪ್ಪಿದ ಸಿಟ್ಟು ಬೇರೆ ಸೇರಿಕೊಂಡಿತು. ಅಂದಿನಿಂದ ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ಮಕ್ಕಳಿಗೆ ಮಾತ್ರ ಇನ್ನೂ ಹೇಳಿಕೊಡುತ್ತೇನೆ, ಅವರಿಗಾದರೂ ಎಣಿಕೆಯ ಅಭ್ಯಾಸ ಆಗಲಿ ಎಂದು.

ನನ್ನ ಸಿಟ್ಟಿಗೆ ಊರಿನಲ್ಲಿ ಹೆಸರಿದೆ. ಬನಹಟ್ಟಿಯ ಸಂತೆಯಲ್ಲಿ ಕಾಯಿಪಲ್ಲೆಯವಳು ನನ್ನನ್ನು ದೂರದಿಂದ ಕಂಡರೆ ಹುಳುಕು ಬದನೆಕಾಯಿಗಳನ್ನು ಗೋಣಿಚೀಲದ ಕೆಳಗೆ ತಳ್ಳುತ್ತಾಳೆ. ಜೊತೆಯ ಶಿಕ್ಷಕಿಯೊಬ್ಬರು, "ಟೀಚರ, ನೀವು ಯೋಗಕ್ಕ ಬರ್ರಿ, ಮನಸ್ಸು ಶಾಂತ ಆಗ್ತೈತಿ" ಎಂದು ಒತ್ತಾಯಿಸಿ ಕರೆದುಕೊಂಡು ಹೋದರು. ನಾಲ್ಕು ದಿನ ಹೋದೆ. ಐದನೇ ದಿನ ಯೋಗದ ಗುರುಗಳು ಉಸಿರು ಎಣಿಸುವಾಗ ಹನ್ನೊಂದಾದ ಮೇಲೆ ಹದಿಮೂರು ಎಂದರು. ಮೂವತ್ತು ಜನ ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. ಆರನೇ ದಿನದಿಂದ ನಾನು ಹೋಗಲಿಲ್ಲ, ಅವರೂ ಕರೆಯಲಿಲ್ಲ. ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ಹೇಳುವ ಸಂಗತಿ ಕೇಳಿ ನೀವೂ "ಈ ಹೆಂಗಸಿಗೆ ಇಷ್ಟಕ್ಕೆಲ್ಲ ಯಾಕೆ ಸಿಟ್ಟು?" ಎನ್ನಬಹುದು. ಅನ್ನಿ. ನಮ್ಮ ಮನೆಯಲ್ಲಿ ಎಲ್ಲರೂ ಅಂದಾಗಿದೆ.

ಮನೆ ಎಂದರೆ ಮೂರು ಜನ. ನಾನು, ನಮ್ಮವರು, ಅತ್ತೆ. ಮಗಳನ್ನು ಇಚಲಕರಂಜಿಗೆ ಕೊಟ್ಟಿದ್ದೇವೆ, ಅವಳಿಗೆ ಅವಳದೇ ಸಿಟ್ಟುಗಳಿವೆ. ಮನೆಯ ಹಿಂದೆ ಶೆಡ್ಡಿನಲ್ಲಿ ಆರು ಪವರ್‌ಲೂಮುಗಳು. ನಮ್ಮವರು ಸೀರೆ ನೇಯಿಸಿ ವ್ಯಾಪಾರ ಮಾಡುತ್ತಾರೆ. ಅತ್ತೆಗೆ ಎಂಬತ್ತು ದಾಟಿದೆ, ಪಡಸಾಲೆಯ ಮಂಚವೇ ಅವರ ರಾಜ್ಯ. ನಲವತ್ತು ವರ್ಷ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವರು, ಕಿವಿ ಆ ಸದ್ದಿಗೇ ಹೋಗಿದೆ ಎನ್ನುತ್ತಾರೆ. ಎದುರಿಗೆ ನಿಂತು ಕೂಗಿದರೆ ಕೇಳಿಸುವುದಿಲ್ಲ, ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ಗೊಣಗಿದ್ದು ಮಾತ್ರ ಅಕ್ಷರ ಬಿಡದೆ ಕೇಳಿಸುತ್ತದೆ. ನಮ್ಮವರು ಕೆಟ್ಟವರಲ್ಲ, ಇದನ್ನು ನಾನು ಸಿಟ್ಟಿನಲ್ಲಿದ್ದಾಗಲೂ ಹೇಳುತ್ತೇನೆ. ಅವರಿಗಿರುವುದು ಒಂದೇ ರೋಗ. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಅದಕ್ಕೆ ಅವರು ಉತ್ತರ ಕೊಡುತ್ತಾರೆ. ಮದುವೆಮನೆಯಲ್ಲಿ ಐಸ್‌ಕ್ರೀಮು ಬಂದರೆ, "ಆಕೀಗೆ ಬ್ಯಾಡ್ರಿ, ಥಂಡಿ ಆಗ್ತೈತಿ." ಬಸ್ಸಿನಲ್ಲಿ ಯಾರಾದರೂ ಕಿಟಕಿಯ ಸೀಟು ಬಿಟ್ಟುಕೊಟ್ಟರೆ, "ಇರ್ಲಿರಿ, ಆಕೀಗೆ ಗಾಳಿ ಆಗಂಗಿಲ್ಲ." ನನಗೆ ಐಸ್‌ಕ್ರೀಮೂ ಆಗುತ್ತದೆ, ಗಾಳಿಯೂ ಆಗುತ್ತದೆ. ಆಗದಿರುವುದು ಈ ಉತ್ತರ ಮಾತ್ರ.

ಈ ಬೇಸಿಗೆಯ ರಜೆಯಲ್ಲಿ ಒಂದು ಗುರುವಾರ ಸಂಜೆ ಎಂದಿನಂತೆ ಕುರಡಿಗೆಗೆ ಗೋಧಿ ನೆನೆಹಾಕಿದ್ದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ, ಇದು ಗೋಧಿಯ ಸಂಡಿಗೆ. ಗೋಧಿಯನ್ನು ಮೂರು ದಿನ ನೀರಿನಲ್ಲಿ ನೆನೆಸಿಡಬೇಕು, ದಿನಕ್ಕೊಮ್ಮೆ ನೀರು ಬದಲಿಸಬೇಕು. ಅದು ಹುಳಿಯೊಡೆದು ಮೆತ್ತಗಾದ ಮೇಲೆ ಅರೆದು, ಹಿಂಡಿ, ಹಾಲು ತೆಗೆದು, ಉಪ್ಪು ಇಂಗು ಹಾಕಿ ಬೇಯಿಸಿ, ಒತ್ತಿ, ಬಿಸಿಲಿಗೆ ಒಣಗಿಸಬೇಕು. ಕರಿದರೆ ಮಲ್ಲಿಗೆಯ ಹಾಗೆ ಅರಳುತ್ತದೆ. ವರ್ಷವಿಡೀ ತಿನ್ನುವಾಗ ಎಲ್ಲರಿಗೂ ರುಚಿಯೇ. ಆದರೆ ನೆನೆದ ಮೂರನೇ ದಿನ ಒಂದು ವಾಸನೆ ಬರುತ್ತದೆ, ಸುಳ್ಳು ಹೇಳುವುದಿಲ್ಲ, ಬರುತ್ತದೆ. ನಮ್ಮವರು ಮೂವತ್ತು ವರ್ಷಗಳಿಂದ ಆ ಮೂರನೇ ದಿನ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಮನೆಯಲ್ಲಿ ಓಡಾಡುತ್ತಾರೆ. ಕಟ್ಟಿಕೊಂಡವರು ಸುಮ್ಮನಾದರೂ ಇರಬೇಕಲ್ಲ? ಟವೆಲ್ಲಿನೊಳಗಿಂದಲೇ, "ಏನ ವಾಸನಿ, ಏನ ವಾಸನಿ" ಎಂದು ಜಪ ಮಾಡುತ್ತಾರೆ.

ಶುಕ್ರವಾರ ಸಂಜೆ ಗೋಧಿಯ ನೀರು ಬದಲಿಸುತ್ತಿದ್ದೆ, ಎರಡೂ ಕೈ ಮೊಣಕೈವರೆಗೆ ಪಾತ್ರೆಯಲ್ಲಿದ್ದವು. ಆಗ ನನ್ನ ಫೋನು ರಿಂಗಾಯಿತು. ನಮ್ಮವರು ಎತ್ತಿಕೊಂಡು ಮಾತಾಡುತ್ತ ಅಂಗಳಕ್ಕೆ ಹೋದರು. ರಾತ್ರಿ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, "ನಿಮ್ಮ ಸಂಸ್ಥಾದ ಸೆಕ್ರೆಟರಿ ಫೋನ್ ಮಾಡಿದ್ರು. ಬೀಳಗಿ ಸಾಲಿಗೆ ಹೆಡ್‌ಮಿಸ್ಟ್ರೆಸ್ ಆಗಿ ಹೋಗ್ತಾರೇನು ಅಂತ ಕೇಳಾಕತ್ತಿದ್ರು. ಆಕೀಗೆ ಬ್ಯಾಡ್ರಿ ಅಂದೆ. ಪಲ್ಲೆ ಹಾಕು" ಎಂದರು. ಸಿಲಿಂಡರು ಬಂದಿತ್ತು, ಇಳಿಸಿಕೊಂಡೆ ಎನ್ನುವ ಧಾಟಿಯಲ್ಲಿ. ನಾನು ಪಲ್ಲೆ ಹಾಕಿದೆ. ನನ್ನ ಸಿಟ್ಟಿನ ಗುಣವೇ ಹಾಗೆ. ಹುಳುಕು ಬದನೆಕಾಯಿಗೆ ತಕ್ಷಣ ಬರುತ್ತದೆ, ನಿಜವಾಗಿ ಬರಬೇಕಾದ್ದಕ್ಕೆ ಎರಡು ದಿನ ತಡವಾಗಿ ಬರುತ್ತದೆ. ಇಪ್ಪತ್ತಾರು ವರ್ಷ ಕಪ್ಪು ಹಲಗೆಯ ಮುಂದೆ ನಿಂತವಳನ್ನು ಕೊನೆಗೆ ಒಂದು ಕುರ್ಚಿ ಕರೆದಿತ್ತು. ನನಗೆ ಗೊತ್ತಾಗುವ ಮೊದಲೇ ಅದಕ್ಕೆ ಉತ್ತರ ಹೋಗಿಬಿಟ್ಟಿತ್ತು.

ಶನಿವಾರ ಸಂಜೆ ಪುಣೆಯಿಂದ ನಾದಿನಿ ರೇಖಾಳ ಫೋನು. ಗಂಡ ಹೆಂಡತಿ ಇಬ್ಬರೂ ನಾಳೆ ಬರುತ್ತಾರೆ, ಒಂದು ದಿನ ಇದ್ದು ಹೋಗುತ್ತಾರೆ. ತಕ್ಷಣ ನಮ್ಮವರು ನನ್ನ ಗೋಧಿಯ ಪಾತ್ರೆಯ ಹಿಂದೆ ಬಿದ್ದರು. "ಮನಿ ಅಳಿಯಂದಿರು ಬರಾಕತ್ತಾರ. ಆ ವಾಸನಿ ಒಂದಿಷ್ಟು ಆಚಿ ಸರಸು." ಬಚ್ಚಲಿನಿಂದ ನೂಲಿನ ಕೋಣೆಗೆ ಸರಿಸಿದೆ. "ಅಲ್ಲಿ ಬ್ಯಾಡ, ನೂಲಿಗೆ ವಾಸನಿ ಹತ್ತತೈತಿ. ನಾಳೆ ಸೀರಿ ಉಟ್ಟಾಕಿ ನನ್ನ ಬೈತಾಳ." ಹಿತ್ತಿಲಿನ ಮೆಟ್ಟಿಲ ಕೆಳಗೆ ಸರಿಸಿದೆ. ನೆನೆದ ಗೋಧಿ ತುಂಬಿದ ಪಾತ್ರೆ ಎಂದರೆ ಹೂವಿನ ಬುಟ್ಟಿಯಲ್ಲ. ಎರಡನೇ ಸಲ ಎತ್ತುವಾಗ ಸೊಂಟದಲ್ಲಿ ಏನೋ ಒಂದು ಚಳಕ್ ಎಂದಿತು. ಅವರು ದೂರ ನಿಂತು, ಟವೆಲ್ಲಿನೊಳಗಿಂದ, "ಹುಷಾರು" ಎಂದರು.

ಭಾನುವಾರ ಹನ್ನೊಂದಕ್ಕೆ ಕಾರು ಬಂತು. ರೇಖಾಳ ಗಂಡ ಅರವಿಂದ ಅವರು ಪುಣೆಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಮಾತಿನಲ್ಲಿ ಬಹಳ ಮೃದು. ಒಂದೊಂದು ವರ್ಷ ಒಂದೊಂದು ಹುಚ್ಚು ಹಿಡಿಸಿಕೊಂಡು ಬರುತ್ತಾರೆ. ಹೋದ ವರ್ಷ ಸೈಕಲ್ಲು, ಅದರ ಹಿಂದಿನ ವರ್ಷ ಬರಿಗಾಲಲ್ಲಿ ನಡೆಯುವುದು. ಈ ವರ್ಷ ಬೀರು. ಕುಡಿಯುವುದಲ್ಲ, ಸವಿಯುವುದು. ಅದಕ್ಕೆ ತರಗತಿ ಇದೆಯಂತೆ, ಭಾನುವಾರ ಹೋಗಿ ಕಲಿತು ಬಂದಿದ್ದಾರಂತೆ. ಡಿಕ್ಕಿಯಿಂದ ಬರ್ಫ ತುಂಬಿದ ಒಂದು ಡಬ್ಬ ಇಳಿಯಿತು, ಅದರೊಳಗೆ ಆರು ಕ್ಯಾನು. ನಾಲ್ಕರ ಮೇಲೆ ನೇರಳೆ ಹಣ್ಣಿನ ಚಿತ್ರ, ಎರಡು ಬರೀ ಬಿಳಿ. "ಇದು ಗೋದಿ ಬೀರು ರಿ. ನೀರಲಹಣ್ಣ ಹಾಕಿ ಹುಳಿ ಬರಿಸಿದ್ದು. ಭಾಳ ಅಪರೂಪದ್ದು" ಎಂದರು ಅರವಿಂದ. ನಮ್ಮವರು ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಇಸಿದುಕೊಂಡಂತೆ ನೋಡಿದರು.

ಅವತ್ತು ಮಗ್ಗಗಳಿಗೆ ರಜೆ. ಆರು ಮಗ್ಗ ನಿಂತ ಮನೆಯಲ್ಲಿ ಪಡಸಾಲೆಯ ಪ್ರತಿ ಮಾತೂ ಅಡುಗೆಮನೆಗೆ ಕೇಳಿಸುತ್ತದೆ. ನಾನು ಒಳಗೆ ಮಿರ್ಚಿ ಭಜಿ ಕರಿಯುತ್ತಿದ್ದೆ. ಸೊಂಟ ನೋಯುತ್ತಿತ್ತು, ಖಾರಕ್ಕೆ ಕಣ್ಣು ಉರಿಯುತ್ತಿತ್ತು. ಹೊರಗೆ ಅರವಿಂದ ಅವರ ಪಾಠ ಶುರುವಾಯಿತು.

"ಹಂಗ ಗಟಗಟ ಕುಡೀಬಾರ್ದ್ರಿ ಅಣ್ಣಾರ. ಮೊದಲ ಮೂಸಬೇಕು. ಗ್ಲಾಸ್ ಸ್ವಲ್ಪ ತಿರುವ್ರಿ. ಹಾಂ. ಈಗ ಹೇಳ್ರಿ, ಏನ್ ವಾಸನಿ ಬರಾಕತ್ತೈತಿ?"

"ನೀರಲಹಣ್ಣ," ಎಂದರು ನಮ್ಮವರು, ಮೊದಲ ಬೆಂಚಿನ ಹುಡುಗನ ಹಾಗೆ.

"ಅದು ಮ್ಯಾಲಿಂದು. ಕೆಳಗ ಇನ್ನೊಂದೈತಿ ನೋಡ್ರಿ. ನೆನದ ಗೋದಿ. ಹುದುಗು. ಅದರ ಕೆಳಗ ಸ್ವಲ್ಪ ದನದ ಕೊಟಗಿ. ಬಲ್ಲವರು ಇದಕ್ಕ ಕುದುರಿ ಬೆನ್ನಿನ ಕಂಬಳಿ ವಾಸನಿ ಅಂತಾರ. ಅದ ಇದರ ದೊಡ್ಡ ಗುಣ."

ನಮ್ಮವರ ದೀರ್ಘ ಉಸಿರು ಕೇಳಿಸಿತು. "ಆಹಾ! ಖರೇನ ರಿ. ಕಂಬಳಿ ಬರಾಕತ್ತೈತಿ!"

ಭಜಿ ಎತ್ತುತ್ತಿದ್ದ ಝಾರಿ ಕೈಯಲ್ಲೇ ನಿಂತಿತು. ಈ ಮನುಷ್ಯ ತಮ್ಮ ಜನ್ಮದಲ್ಲಿ ಕುದುರೆಯ ಹತ್ತಿರ ಹೋಗಿದ್ದು ಒಂದೇ ಸಲ, ನಮ್ಮ ಮದುವೆಯ ಮೆರವಣಿಗೆಯಲ್ಲಿ. ಅವತ್ತೂ ಹೆದರಿ, ನಾಲ್ಕು ಹೆಜ್ಜೆಗೆ ಇಳಿದು ಜೀಪು ಹತ್ತಿದ್ದರು. ಇವರಿಗೆ ಕುದುರೆಯ ಕಂಬಳಿಯ ವಾಸನೆ ಎಲ್ಲಿಂದ ಗೊತ್ತು? ಇರಲಿ, ಅದನ್ನೂ ಬಿಟ್ಟೇನು. ನೆನೆದ ಗೋಧಿಯ ಹುಳಿ ವಾಸನೆಗೆ "ಆಹಾ" ಎನ್ನುವ ಮೂಗು ಇವರಿಗೆ ಇತ್ತಲ್ಲ, ಮೂವತ್ತು ವರ್ಷ ಅದನ್ನು ಟವೆಲ್ಲಿನಲ್ಲಿ ಕಟ್ಟಿಟ್ಟಿದ್ದರಲ್ಲ! ನಿನ್ನೆ ಎರಡು ಸಲ ಪಾತ್ರೆ ಹೊರಿಸಿದ ವಾಸನೆ, ಇವತ್ತು ಪುಣೆಯಿಂದ ಕ್ಯಾನಿನಲ್ಲಿ ಕೂತು ಬಂದರೆ ದೊಡ್ಡ ಗುಣ!

ಭಜಿಯ ತಟ್ಟೆ ಹಿಡಿದು ಹೊರಗೆ ಬಂದೆ. ರೇಖಾ ತಾನೂ ಒಂದು ಗ್ಲಾಸು ಹಿಡಿದಿದ್ದಳು. ನನ್ನನ್ನು ಕಂಡು ಸರಿದು ಜಾಗ ಮಾಡಿ, "ವೈನಿ, ಬರ್ರಿ ಕುಂದರ್ರಿ. ನೀವೂ ಸ್ವಲ್ಪ..." ಎಂದು ಗ್ಲಾಸು ಎತ್ತಿದಳು.

"ಏ, ಆಕೀಗೆ ಬ್ಯಾಡ," ಎಂದರು ನಮ್ಮವರು. ನನ್ನ ಕಡೆ ನೋಡಲೂ ಇಲ್ಲ. ಕೈ ತಟ್ಟೆಯ ಭಜಿಯ ಕಡೆ ಹೋಗಿತ್ತು.

ಬೀರು ನನಗೆ ಬೇಕಾಗಿತ್ತೇ? ದೇವರಾಣೆಗೂ ಇಲ್ಲ. ಜೀವನದಲ್ಲಿ ಅದನ್ನು ಮುಟ್ಟಿದವಳಲ್ಲ, ಮುಟ್ಟಬೇಕು ಅನಿಸಿದವಳೂ ಅಲ್ಲ. ರೇಖಾ ಕೇಳಿ ಮುಗಿಸಿದ್ದರೆ "ಬ್ಯಾಡವಾ" ಎಂದು ನಾನೇ ಅನ್ನುತ್ತಿದ್ದೆ. ಆದರೆ ಆ "ಬ್ಯಾಡ" ನನ್ನದಾಗಿತ್ತು. ಅದನ್ನೂ ಇವರೇ ತೆಗೆದುಕೊಂಡರು. ಶುಕ್ರವಾರ ರಾತ್ರಿ ಪಲ್ಲೆ ಬಡಿಸುವಾಗ ಬರಬೇಕಿದ್ದ ಸಿಟ್ಟು, ಎರಡು ದಿನ ತಡವಾಗಿ, ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಬಂದು ಮುಟ್ಟಿತು. ನಾನು ತಟ್ಟೆ ಇಟ್ಟು ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ನಮ್ಮವರ ದನಿ. "ಏ, ಫ್ರಿಜ್‌ನ್ಯಾಗ ಆ ಬಿಳಿ ಕ್ಯಾನ್ ಇಟ್ಟೈತಿ ನೋಡು. ಹಣ್ಣ ಹಾಕಲಾರದ್ದು. ಎರಡ ಗ್ಲಾಸಿನ್ಯಾಗ ಹಾಕ್ಕೊಂಡ ಬಾ."

ನಾನು ಹಿತ್ತಿಲಿಗೆ ಹೋದೆ. ಮೆಟ್ಟಿಲ ಕೆಳಗೆ ನನ್ನ ಗೋಧಿ ಮೂರನೇ ದಿನದ ಬಿಸಿಲಿಗೆ ಒಳ್ಳೆ ಹುಳಿಯೊಡೆದಿತ್ತು, ಮೇಲೆ ತೆಳ್ಳಗೆ ನೊರೆ. ತಂಬಿಗೆಯಲ್ಲಿ ಮೇಲಿನ ನೀರು ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಗ್ಲಾಸಿಗೆ ಸುರಿದು, ಎರಡು ತುಂಡು ಬರ್ಫ ಹಾಕಿದೆ. ಪಕ್ಕದ ಗ್ಲಾಸಿಗೆ ಕ್ಯಾನಿನ ಬೀರು ಹಾಕಿದೆ. ಎರಡೂ ಒಂದೇ ಬಣ್ಣ, ಮಬ್ಬು ಮಬ್ಬು. ಬೀರು ಅರವಿಂದ ಅವರ ಕೈಗೆ ಕೊಟ್ಟೆ, ಗೋಧಿಯ ನೀರು ನಮ್ಮವರಿಗೆ. ಎಷ್ಟೇ ಸಿಟ್ಟಿದ್ದರೂ ಮನೆಗೆ ಬಂದ ಅಳಿಯನ ಮರ್ಯಾದೆ ಬಿಡುವವಳಲ್ಲ ನಾನು. ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

ನಮ್ಮವರು ಕಲಿತ ಪಾಠವನ್ನು ಮರೆತಿರಲಿಲ್ಲ. ಗ್ಲಾಸು ತಿರುವಿದರು, ಕಣ್ಣು ಮುಚ್ಚಿದರು, ಮೂಸಿದರು. ಒಂದು ಗುಟುಕು ಬಾಯಲ್ಲಿ ಹಿಡಿದು, ಆ ಕೆನ್ನೆ ಈ ಕೆನ್ನೆ ಮಾಡಿ ನುಂಗಿದರು. "ಅರವಿಂದ ಅವರ, ಇದು ಮೊದಲಿಂದಕ್ಕಿಂತ ಛಲೋ ಐತ್ರಿ. ಇದರಾಗ ಕಂಬಳಿ ಭಾಳ ಜೋರ್ ಐತಿ."

ಅರವಿಂದ ತಮ್ಮ ಗ್ಲಾಸು ಸವಿದು ಹುಬ್ಬು ಗಂಟಿಕ್ಕಿದರು. "ಹೌದ್ರೀ? ನನಗ ಅಷ್ಟ ಅನಸವಲ್ದು. ಎಲ್ಲಿ, ನಿಮ್ಮದು ತರ್ರಿ ನೋಡೂಣು." ಗ್ಲಾಸು ಇಸಿದುಕೊಂಡು ಬೆಳಕಿಗೆ ಹಿಡಿದರು. "ಅಣ್ಣಾರ, ಇದರಾಗ ಒಂದ ಗೋದಿ ಕಾಳ ಐತಲ್ರಿ?"

ನನ್ನ ಸೋಸುವ ಬಟ್ಟೆಗೆ ತೂತು ಬಿದ್ದಿತ್ತೆಂದು ಕಾಣುತ್ತದೆ. ಆದರೆ ನಮ್ಮವರಿಗೆ ಅಷ್ಟು ಹೊತ್ತಿಗೆ ಗುರುವನ್ನು ಮೀರಿಸುವ ಉತ್ಸಾಹ ಬಂದಿತ್ತು. "ಇರಬೇಕಲ್ರಿ ಮತ್ತ! ಖರೇ ಗೋದಿ ಬೀರು ಅನ್ನಾಕ ಅದ ಸಾಕ್ಷಿ," ಎಂದರು.

"ಅದು ಸಾಕ್ಷಿ ಅಲ್ರಿ," ಎಂದೆ ನಾನು. "ನನ್ನ ಕುರಡಗಿ ಗೋದಿ. ನಿನ್ನಿ ಎರಡ ಸಲ ನನ್ನ ಕಡಿಂದ ಹೊರಿಸಿದ್ರಲ್ಲ, ಅದರ ನೀರು."

ರೇಖಾಳಿಗೆ ನಗು ಬಂದು ಬೀರು ಮೂಗಿಗೆ ಹತ್ತಿತು. ಅರವಿಂದ ಗ್ಲಾಸನ್ನು ಮೆಲ್ಲಗೆ ನೆಲದ ಮೇಲಿಟ್ಟು, ಏನೂ ಆಗಿಲ್ಲವೆಂಬಂತೆ ಭಜಿ ತೆಗೆದುಕೊಂಡರು. ಒಳ್ಳೆಯ ಮನುಷ್ಯ. ನಮ್ಮವರ ಮುಖ ಮಾತ್ರ ಕಿವಿಯವರೆಗೆ ಕೆಂಪಾಯಿತು. "ನಿನಗೇನ ತಲಿ ಕೆಟ್ಟೈತೇನ? ಬಂದವರ ಮುಂದ ಹಿಂಗ ಮಾಡ್ತಾರೇನ? ಹೇಳಾಕ ಏನಾಗಿತ್ತು?"

"ನೀವು ಕೇಳಿದ್ರೇನು?" ಎಂದೆ. ದನಿ ಸಣ್ಣದಾಗಿಯೇ ಹೊರಟಿತು, ಆಮೇಲೆ ಅದಕ್ಕೇ ರೆಕ್ಕೆ ಬಂತು. "ನಿಮಗ ಹೇಳಲಾರದ ಒಂದ ಗ್ಲಾಸ್ ನೀರ ಕೊಟ್ಟಿದ್ದಕ್ಕ ಇಷ್ಟ ಸಿಟ್ಟ ಬಂತು. ನನಗ ಕೇಳಲಾರದ ಇಪ್ಪತ್ತಾರ ವರ್ಷದ ನೌಕರಿ ಮ್ಯಾಲೆ ಉತ್ತರ ಕೊಟ್ರಲ್ಲ, ನನಗೆಷ್ಟ ಬರಬೇಕು? ಬೀಳಗಿಗೆ ಹೋಗಾಕಿ ನಾನು. ಬ್ಯಾಡ ಅನ್ನಾಕ ನೀವ್ಯಾರು? ಆಕೀಗೆ ಬ್ಯಾಡ, ಆಕೀಗೆ ಬ್ಯಾಡ. ಆಕೀ ಇಲ್ಲೇ ನಿಂತಾಳ, ಆಕೀಗೆ ಬಾಯಿ ಐತಿ. ಒಮ್ಮ್ಯಾದರೂ ತಿರುಗಿ ನೋಡಿ ಕೇಳೀರೇನು?"

ರೇಖಾಳ ನಗು ನಿಂತುಹೋಯಿತು. "ಅಣ್ಣಾ, ಖರೇನ? ಹೆಡ್‌ಮಿಸ್ಟ್ರೆಸ್ ಕೆಲಸ ಬಂದಿತ್ತಾ? ನೀ ಬ್ಯಾಡ ಅಂದ್ಯಾ?"

ನಮ್ಮವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ಆಕೀ ಸಲುವಾಗೇ ಅಂದೆ. ಬೀಳಗಿ ಅಂದ್ರ ಹತ್ತರ ಐತೇನ? ಜಮಖಂಡ್ಯಾಗ ಇಳದು ಬಸ್ ಬದಲಿಸಬೇಕು. ಆಕೀ ಮೊಣಕಾಲ ಮೊದಲ ಹಂಗೈತಿ. ಮ್ಯಾಲ ಹತ್ತೂದು ಕೆಳಗ ಇಳಿಯೂದು..." ನನ್ನ ಮೊಣಕಾಲು ನೋಯುವುದು ಅವರಿಗೆ ಗೊತ್ತಿದೆ, ಯಾವ ಕಾಲೆಂಬುದೂ ಗೊತ್ತಿದೆ, ರಾತ್ರಿ ಎಣ್ಣೆ ಬಿಸಿ ಮಾಡಿಕೊಡುವವರೂ ಅವರೇ. ಇದು ಇನ್ನೂ ಸಿಟ್ಟು ತರುವ ವಿಷಯ. ಮನುಷ್ಯ ಪೂರ್ತಿ ಕೆಟ್ಟವನಾಗಿದ್ದರೆ ಜಗಳವಾಡುವುದು ಎಷ್ಟು ಸಲೀಸು! ಮಧ್ಯದಲ್ಲಿ ಹೀಗೆ ಮೊಣಕಾಲು ತಂದರೆ ಏನು ಮಾಡುವುದು?

ಆಮೇಲೆ ನಮ್ಮವರು ನೇರಳೆ ಹಣ್ಣಿನ ಹೊಸ ಕ್ಯಾನು ಒಡೆದರು, ತೊಳೆದ ಗ್ಲಾಸಿಗೆ ಹಾಕಿದರು, ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಲು ಆಗದೆ ನನ್ನ ಕಿವಿಯ ಓಲೆಯನ್ನು ನೋಡುತ್ತ ಕೇಳಿದರು, "ನಿನಗ ಬೇಕೇನ?"

ಮೂವತ್ತು ವರ್ಷಕ್ಕೆ ಮೊದಲ ಸಲ ಕೇಳಿದ್ದರು. ಇಷ್ಟು ರಂಪ ಮಾಡಿದ ಮೇಲೆ "ಬ್ಯಾಡ" ಎನ್ನಲು ಬರುತ್ತದೆಯೇ? "ಬೇಕು" ಎಂದೆ. ಎಲ್ಲರೂ ನೋಡುತ್ತಿದ್ದರು. ಗ್ಲಾಸು ಎತ್ತಿದೆ. ಮೂಗಿಗೆ ಮೊದಲು ಬಂದದ್ದು ನೇರಳೆ ಹಣ್ಣು, ಹಣ್ಣಿನ ಹಿಂದೆ ನನ್ನ ಹಿತ್ತಿಲಿನ ಪಾತ್ರೆ. ನಾಲಗೆಗೆ ತಾಗಿದ ಕೂಡಲೇ ಕಿವಿಯ ಕೆಳಗೆ ಸೂಜಿ ಚುಚ್ಚಿದಂತಾಯಿತು, ಹುಣಸೆಯಂಥ ಹುಳಿಯಲ್ಲ, ಮೊಸರು ಕೆಟ್ಟ ಹುಳಿ. ಅದರ ಮೇಲೆ ಸೋಡಾದ ಗುಳ್ಳೆ, ಕೊನೆಗೆ ನೇರಳೆ ಬೀಜ ಕಡಿದಂಥ ಒಗರು. ಕಣ್ಣಲ್ಲಿ ನೀರು ನಿಂತಿತು. ಇದನ್ನು ಉಗುಳುವುದು ಒಂದೇ ಸರಿಯಾದ ದಾರಿ ಎಂದು ನನ್ನ ದೇಹದ ಒಂದೊಂದು ಕೂದಲೂ ಹೇಳಿತು. ಆದರೆ ನನ್ನ ಹಕ್ಕಿಗಾಗಿ ಗುದ್ದಾಡಿ ಗೆದ್ದ ಗ್ಲಾಸು ಅದು.

"ಹೆಂಗೈತ್ರಿ ವೈನಿ?" ಎಂದರು ಅರವಿಂದ, ಬಹಳ ಆಸೆಯಿಂದ.

"ಗೋದಿ ಅರ್ಧ ದಿನ ಜಾಸ್ತಿ ನೆನದೈತಿ," ಎಂದೆ. "ನೀರ ಬದಲಿ ಮಾಡಿಲ್ಲ. ಉಳಿದದ್ದು ಛಲೋ ಐತಿ." ಹೇಳಿ, ಮುಖದ ಒಂದು ಗೆರೆಯೂ ಅಲುಗದಂತೆ, ಪೂರ್ತಿ ಗ್ಲಾಸು ಕುಡಿದೆ. ಪರೀಕ್ಷೆಯ ದಿನ ಕಾಪಿ ಹೊಡೆಯುವ ಹುಡುಗನನ್ನು ಹಿಡಿಯಲು ನಾನು ಅಭ್ಯಾಸ ಮಾಡಿಕೊಂಡ ಮುಖ ಅದು, ಅವತ್ತು ಉಪಯೋಗಕ್ಕೆ ಬಂತು. ಅರವಿಂದ ತಲೆ ಅಲ್ಲಾಡಿಸಿ, "ಅಣ್ಣಾರ, ನಮ್ಮ ತರಗತಿ ಮಾಸ್ತರೂ ಇಷ್ಟ ಸ್ವಚ್ಛ ಹೇಳಂಗಿಲ್ರಿ" ಎಂದರು.

ಆ ಹೊಗಳಿಕೆಯಲ್ಲಿ ನಾನು ಇನ್ನೂ ತೇಲುತ್ತಿರುವಾಗಲೇ ರೇಖಾ ಮಂಚದ ಕಡೆ ತಿರುಗಿದಳು. "ಅವ್ವಾ, ನಿನಗ ಒಂದ ಗುಟುಕು?"

"ಏ, ಅತ್ತಿಯವರಿಗೆ ಬ್ಯಾಡ," ಎಂದೆ ನಾನು. "ಅವರಿಗೆ ಸಕ್ರಿ ಬ್ಯಾನಿ ಐತಿ."

ನಮ್ಮವರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡತೊಡಗಿದೆ. ಎದುರಿಗೆ ಕೂಗಿದರೂ ಕೇಳಿಸದ ಅತ್ತೆ, ಮಂಚದ ಮೇಲೆ ಎದ್ದು ಕೂತು, ಸೆರಗು ಸರಿ ಮಾಡಿಕೊಂಡು ಹೇಳಿದರು, "ಯಾಕ ಬೇ, ನಾ ಬಾಯಿ ಸತ್ತೇನೇನು? ನೀರಲಹಣ್ಣ ಸಕ್ರಿ ಬ್ಯಾನಿಗೆ ಛಲೋ ಅಂತ ಡಾಕ್ಟರೇ ಹೇಳ್ಯಾರ. ತಾ ಇಲ್ಲಿ." ರೇಖಾ ಚಮಚದಲ್ಲಿ ಎರಡು ಗುಟುಕು ಹಾಕಿದಳು. ಅತ್ತೆ ಬಾಯಿ ಚಪ್ಪರಿಸಿದರು, ಸೂರಿನ ಕಡೆ ನೋಡಿ ಯೋಚಿಸಿದರು. ಕೊನೆಗೆ ತೀರ್ಪು ಕೊಟ್ಟರು, "ಉಪ್ಪು ಇಂಗು ಹಾಕೂದ ಮರತೀರಿ."

ಸೋಮವಾರ ಬೆಳಿಗ್ಗೆ ಅವರ ಕಾರು ಹೊರಟ ಮೇಲೆ ನಾನೇ ಸೆಕ್ರೆಟರಿಯವರಿಗೆ ಫೋನು ಮಾಡಿದೆ. ನಮ್ಮವರು ಶೆಡ್ಡಿನಲ್ಲಿದ್ದರು, ಬೇಕೆಂದೇ ಅಲ್ಲಿದ್ದರು. ಸೆಕ್ರೆಟರಿಯವರು ಸಜ್ಜನರು. "ನಿಮ್ಮ ಯಜಮಾನರು ಬ್ಯಾಡ ಅಂದ್ರಲ್ರಿ ಟೀಚರ, ಆದರೂ ಇನ್ನೂ ಯಾರಿಗೂ ಹೇಳಿಲ್ಲ. ನಿಮ್ಮ ವಿಚಾರ ಏನೈತಿ? ಹೋಗ್ತೀರೇನು?" ಎಂದು ನೇರವಾಗಿ ನನ್ನನ್ನೇ ಕೇಳಿದರು. ಮಧ್ಯೆ ಯಾರೂ ಇರಲಿಲ್ಲ. ಉತ್ತರ ಕೊಡಬೇಕಾದವಳು ನಾನೊಬ್ಬಳೇ. ಬಾಯಿ ತೆರೆದೆ, ಅದರಿಂದ ಹೊರಟಿದ್ದು ಇದು: "ಮನ್ಯಾಗ ಒಂದ ಮಾತ ಕೇಳಿ ಹೇಳ್ತೀನ್ರಿ."

ಫೋನು ಇಟ್ಟು ಅದನ್ನೇ ನೋಡುತ್ತ ನಿಂತೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. ಮಂಚದ ಮೇಲಿಂದ ಅತ್ತೆಯ ದನಿ ಬಂತು. "ಮನ್ಯಾಗ ಅಂದ್ರ ಯಾರ್ನ ಕೇಳಾಕಿ?"

"ನಿಮ್ಮನ್ನ," ಎಂದೆ, ಬೇರೆ ಏನೂ ತೋಚದೆ. ಜೊತೆಗೆ ನಿನ್ನೆಯ ಪಾಪ ಕಳೆಯಬೇಕಿತ್ತಲ್ಲ. "ಬೀಳಗಿ ಸಾಲಿಗೆ ಹೋಗ್ಲೇನ್ರಿ ಅತ್ತಿ? ಮುಂಜಾನಿ ಹೋದ್ರ ಸಂಜಿಗೆ ಬರೂದು."

"ಹೋಗ ಮತ್ತ!" ಎಂದರು ಅತ್ತೆ, ಒಂದು ಕ್ಷಣವೂ ತಡಮಾಡದೆ. "ದಿನಾ ಹೋಗು. ನೀ ಇಲ್ಲಂದ್ರ ಮನಿಗೂ ಸ್ವಲ್ಪ ಆರಾಮ ಆಗ್ತೈತಿ."

ಎರಡನೇ ಸಲ ಫೋನು ಮಾಡಿ ಬರುತ್ತೇನೆ ಎಂದು ಹೇಳಿದೆ. ಜೂನಿನಿಂದ ಹೋಗುತ್ತಿದ್ದೇನೆ. ಹೊರಟ ಮೊದಲ ದಿನ ನಮ್ಮವರು ಬೈಕಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಬಸ್ಸು ಬರಲು ಇನ್ನೂ ಹೊತ್ತಿತ್ತು. ದೂರ ಆಗ್ತೈತಿ, ನಿನ್ನ ಮೊಣಕಾಲು, ಇನ್ನೊಮ್ಮೆ ವಿಚಾರ ಮಾಡು, ಏನಾದರೂ ಅಂದಾರು ಎಂದು ಕಾದೆ. ಏನೂ ಅನ್ನಲಿಲ್ಲ. "ಹೋಗ್ಲೇನ್ರಿ ಹಂಗಾರ?" ಎಂದು ನಾನೇ ಕೇಳಿದೆ. "ನಿನ್ನ ಇಚ್ಛಾ," ಎಂದರು ಬಹಳ ವಿನಯದಿಂದ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಸೀಟೇ ಸಿಕ್ಕಿತು. ಮೂರು ಜನರ ಮನೆಯಲ್ಲಿ ಹೋಗಬೇಡ ಎಂದು ಒಬ್ಬರಾದರೂ ಬಾಯಿಮಾತಿಗೆ ಅನ್ನಬಾರದೇ ಎಂದು ನನಗೆ ಬಂದ ಸಿಟ್ಟು, ಜಮಖಂಡಿಯಲ್ಲಿ ಬಸ್ಸು ಬದಲಿಸಿದರೂ ಇಳಿಯಲಿಲ್ಲ.